ಸೆಕೆಂಡ್ ಹಾರ್ನ್ ಕುರ್ಚಿಯಿಂದ

ಯಾರ್ಕ್‌ಷೈರ್‌ನ ಬಹುತೇಕ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿನ ಬ್ರಾಸ್ ಬ್ಯಾಂಡುಗಳು ಮಾತ್ರ ಇನ್ನೂ ಊದುತ್ತಲೇ ಇವೆ. ಕ್ವೀನ್ಸ್‌ಬರಿಯ ಬ್ಲ್ಯಾಕ್ ಡೈಕ್ 1855ರದು, ಹೆಸರುವಾಸಿ. ಬೆಂಗಳೂರು ಬಿಟ್ಟು ಬಂದ ನಾನು ನಡುವಯಸ್ಸಿನಲ್ಲಿ ಸೇರಿದ್ದು ಅಂಥದಕ್ಕಲ್ಲ, ಬಂದವರನ್ನೆಲ್ಲ ಕೂರಿಸಿಕೊಳ್ಳುವ ಊರ ಬ್ಯಾಂಡಿಗೆ. ಅಲ್ಲಿ ತಪ್ಪಿ ತಪ್ಪಿ ಕಲಿತದ್ದು, ಹೊಸಬರಿಗಾಗಿ:

1. ವಾದ್ಯ ಕೊಳ್ಳಲು ಓಡಬೇಡಿ.
ಅಗ್ಗಕ್ಕೆ ಸಿಕ್ಕಿತೆಂದು ಟ್ರಂಪೆಟ್ ಕೊಂಡೇ ಹೋದೆ. ಈ ಬ್ಯಾಂಡುಗಳಲ್ಲಿ ಟ್ರಂಪೆಟ್‌ಗೆ ಜಾಗವಿಲ್ಲ, ಇರುವುದು ಕಾರ್ನೆಟ್. ಯಾರೂ ನಗಲಿಲ್ಲ. ಬೀರುವಿನಿಂದ ಹಳೆಯ ಟೆನರ್ ಹಾರ್ನ್ ತೆಗೆದು ಕೈಗಿತ್ತರು. ಬಾಡಿಗೆಯಿಲ್ಲ, ವಾಲ್ವಿಗೆ ಎಣ್ಣೆ ಬಿಟ್ಟರೆ ಸಾಕು.

2. ಹಾರ್ನಿನ ಮೇಲೆ ದೂರು ಹೇಳುವ ಮುಂಚೆ ಹಾಳೆ ನೋಡಿ.
ಬಾಸ್ ಟ್ರೊಂಬೋನ್ ಬಿಟ್ಟು ಬ್ಯಾಂಡಿನ ಎಲ್ಲ ಊದುವ ವಾದ್ಯಗಳಿಗೂ ಟ್ರೆಬಲ್ ಕ್ಲೆಫ್‌ನಲ್ಲೇ ಬರೆದಿರುತ್ತಾರೆ. ವಾಲ್ವಿನ ವಾದ್ಯಗಳಲ್ಲಿ ಬೆರಳುಗಳೂ ಒಂದೇ: ಎರಡನೇ ವಾಲ್ವ್ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಶ್ರುತಿ ಮಾತ್ರ ಬೇರೆ ಬೇರೆ. ಹಾಳೆಯ ಸಿ ನನ್ನ ಹಾರ್ನಿನಲ್ಲಿ ಇ ಫ್ಲ್ಯಾಟ್ ಆಗಿ ಕೇಳುತ್ತದೆ. ಷಡ್ಜವನ್ನು ಬೇಕಾದಲ್ಲಿಟ್ಟುಕೊಂಡು ಹಾಡುವ ಊರಿನವನಿಗೆ ಇದು ತಟ್ಟನೆ ಹೊಳೆಯಬೇಕಿತ್ತು. ನಾನೋ ಮನೆಯ ಕೀಬೋರ್ಡಿಗೆ ತಾಳೆ ನೋಡಿ, ಹಾರ್ನ್ ಕೆಟ್ಟಿದೆಯೆಂದು ವಾಪಸ್ ಒಯ್ದಿದ್ದೆ.

3. ಸುಮ್ಮನಿರುವುದನ್ನು ಎಣಿಸಲು ಕಲಿಯಿರಿ.
ಮಾರ್ಚ್‌ಗಳ 'ಊಂ-ಪಾ'ದಲ್ಲಿ 'ಪಾ' ಹಾರ್ನಿನವರದು, ಅದು ಸುಲಭ. ಕಷ್ಟವಿರುವುದು ಉದ್ದದ ವಿರಾಮಗಳಲ್ಲಿ. ಚಿಕ್ಕಂದಿನ ಸಂಗೀತ ಪಾಠದಲ್ಲಿ ತೊಡೆಯ ಮೇಲೆ ತಾಳ ಹಾಕಿದವನು ನಾನು. ಇಲ್ಲಿ ಎರಡೂ ಕೈ ವಾದ್ಯದ ಮೇಲೆ. ಕಾಲು ಕುಟ್ಟಿದೆ. ಕಂಡಕ್ಟರ್ ನನ್ನ ಶೂ ಕಡೆ ಒಮ್ಮೆ ನೋಡಿದರು, ಅದೂ ನಿಂತಿತು. ಆಮೇಲೊಂದು ಕಛೇರಿ. ನಿಧಾನದ ಸ್ತುತಿಗೀತೆ, ಇಡೀ ಬ್ಯಾಂಡು ಉಸಿರು ಹಿಡಿದ ಗಳಿಗೆ, ನಾನೊಬ್ಬನೇ ಒಂದು ಬಾರ್, ಅಂದರೆ ಒಂದು ಆವರ್ತ, ಮುಂಚೆ 'ಭೋಂ' ಎಂದೆ. ಕಛೇರಿಯ ನಡುವಿನ ಬಿಡುವಿನಲ್ಲಿ ಪಕ್ಕದ ಫಸ್ಟ್ ಹಾರ್ನ್ ಅಜ್ಜಿ ಚಹಾದ ಜೊತೆ ಒಂದು ಪೆನ್ಸಿಲ್ಲನ್ನೂ ತಂದುಕೊಟ್ಟರು. ಪ್ರತಿ ಬಾರಿನ ಮೊದಲ ಎಣಿಕೆಗೆ ಬಾರಿನ ಸಂಖ್ಯೆ ಹೇಳಿಕೊಳ್ಳಬೇಕಂತೆ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಅದೂ ತಪ್ಪಿದರೆ ಇರಲಿ ಎಂದು ಹಾಳೆಯ ಮೇಲೆ 'ಯುಫೋನಿಯಂ ನಿಂತ ಮೇಲೆ' ಎಂದು ಬರೆದುಕೊಂಡೆ. ಈಗಲೂ ನನ್ನ ನಂಬಿಕೆ ಎಣಿಕೆಗಿಂತ ಯುಫೋನಿಯಂ ಮೇಲೆಯೇ ಹೆಚ್ಚು.

4. ಬಾರದ ಸ್ವರ ಬಿಡಿ.
ಓಡುವ ಸಾಲು ಬಂದರೆ ಪ್ರತಿ ಬಾರಿನ ಮೊದಲ ಸ್ವರ ಊದಿದರೂ ಸಾಕು. ಎಲ್ಲವನ್ನೂ ಹಿಡಿಯಹೋಗಿ ಹಿಂದುಳಿದವನು ಪಕ್ಕದವರನ್ನೂ ಕೆಡಿಸುತ್ತಾನೆ, ಕೆಡಿಸಿದ್ದೇನೆ.

5. ಬಟ್ಟೆ ಕ್ಲಿಪ್ಪು ಜೇಬಿನಲ್ಲಿರಲಿ.
ಡಿಸೆಂಬರಿನಲ್ಲಿ ಅಂಗಡಿಗಳ ಮುಂದೆ ಕ್ಯಾರಲ್ ಊದಿ ಬ್ಯಾಂಡಿಗೆ ದುಡ್ಡು ಕೂಡಿಸುತ್ತೇವೆ. ಗಾಳಿಗೆ ಹಾಳೆ ಹಾರುತ್ತದೆ, ಚಳಿಗೆ ಶ್ರುತಿ ಇಳಿಯುತ್ತದೆ. ಊದದಿರುವಾಗಲೂ ವಾದ್ಯದೊಳಗೆ ಬಿಸಿಯುಸಿರು ಬಿಡುತ್ತಿರಿ.

6. ತುಟಿ ಉಳಿಸಿಕೊಳ್ಳಿ.
ಪೆಂಟಕೋಸ್ಟ್ ಕಳೆದ ಶುಕ್ರವಾರ, ಅಂದರೆ ವಿಟ್ ಫ್ರೈಡೇ, ಸ್ಯಾಡಲ್‌ವರ್ತ್ ಸುತ್ತಿನ ಹಳ್ಳಿಗಳಲ್ಲಿ ಮಾರ್ಚ್ ಸ್ಪರ್ಧೆ. ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಊದಬೇಕು. ಉತ್ಸಾಹಕ್ಕೆ ಮೊದಲ ಊರಲ್ಲೇ ಶಕ್ತಿಯೆಲ್ಲ ಸುರಿದೆ. ಕೊನೆಯ ಊರಲ್ಲಿ ಬೆರಳು ಆಡುತ್ತಿದ್ದವು, ಸದ್ದಿಲ್ಲ. ಯಾವ ಬ್ಯಾಂಡೆಂದು ತಿಳಿಯದಿರಲಿ ಎಂದು ತೀರ್ಪುಗಾರರನ್ನು ಮರೆಯಲ್ಲಿ ಕೂರಿಸಿರುತ್ತಾರೆ, ಹಾಗಾಗಿ ಅವರಿಗೆ ಕಾಣಲಿಲ್ಲ. ಅಜ್ಜಿಗೆ ಕಂಡಿತು. ನನ್ನ ಕಡೆ ತಿರುಗದೆಯೇ ತಮ್ಮ 'ಪಾ'ವನ್ನು ಇನ್ನಷ್ಟು ಜೋರು ಮಾಡಿದರು.