ಟ್ರಿಪ್ಟೊಫ್ಯಾನ್ ಮತ್ತು ಜೋಳದ ಪ್ರಶ್ನೆ

ಮಾನವಶರೀರದ ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ಶರೀರವು ತಾನೇ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ದೊರೆಯಬೇಕು. ಆದುದರಿಂದ ಅವನ್ನು ಅವಶ್ಯಕ ಅಮೈನೋ ಆಮ್ಲಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಅತ್ಯಂತ ಕಡಿಮೆ ಪ್ರಮಾಣದಲ್ಲಿ ಬೇಕಾಗುವುದು ಟ್ರಿಪ್ಟೊಫ್ಯಾನ್. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 4 ಮಿಲಿಗ್ರಾಂ ಸಾಕು. ಇಷ್ಟು ಅಲ್ಪವಾದ ವಸ್ತುವಿನ ಲೆಕ್ಕ ತಪ್ಪಿದಾಗ ಆಗುವ ಅನಾಹುತವನ್ನು ದಖ್ಖನಿನ ಜೋಳದ ನಾಡು ಕಂಡಿದೆ.

1901ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸ್ ಮತ್ತು ಕೋಲ್ ಇದನ್ನು ಹಾಲಿನ ಕೇಸೀನ್ ಪ್ರೋಟೀನಿನಿಂದ ಬೇರ್ಪಡಿಸಿದರು. ಇದರ ಅಣುವಿನಲ್ಲಿ 11 ಇಂಗಾಲ, 12 ಜಲಜನಕ, 2 ಸಾರಜನಕ ಮತ್ತು 2 ಆಮ್ಲಜನಕ ಪರಮಾಣುಗಳಿವೆ. ಬೆಂಜೀನ್ ಉಂಗುರವೂ ಸಾರಜನಕವುಳ್ಳ ಐದು ಮೂಲೆಗಳ ಉಂಗುರವೂ ಬೆಸೆದುಕೊಂಡ 'ಇಂಡೋಲ್' ಎಂಬ ಜೋಡಿ ಉಂಗುರವೇ ಇದರ ವೈಶಿಷ್ಟ್ಯ. ಮಿದುಳಿನ ಸೆರೊಟೋನಿನ್, ನಿದ್ರೆಯ ಲಯಕ್ಕೆ ಸಂಬಂಧಿಸಿದ ಮೆಲಟೋನಿನ್ ಇವೆರಡೂ ಈ ಅಣುವಿನಿಂದಲೇ ಹುಟ್ಟುತ್ತವೆ. ಇದಲ್ಲದೆ ಯಕೃತ್ತು ಟ್ರಿಪ್ಟೊಫ್ಯಾನಿನಿಂದ ನಯಾಸಿನ್ ಎಂಬ ಬಿ ಜೀವಸತ್ವವನ್ನೂ ಪಡೆಯಬಲ್ಲದು. 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ 1 ಮಿಲಿಗ್ರಾಂ ನಯಾಸಿನ್ನಿಗೆ ಸಮವೆಂಬುದು ರೂಢಿಯ ಲೆಕ್ಕ.

ನಯಾಸಿನ್ನಿನ ಕೊರತೆಯಿಂದ ಬರುವ ರೋಗ ಪೆಲ್ಲಾಗ್ರ. ಬಿಸಿಲು ತಾಗುವ ಕಡೆ ಚರ್ಮ ಕಪ್ಪಿಟ್ಟು ಒರಟಾಗುತ್ತದೆ, ಭೇದಿಯಾಗುತ್ತದೆ, ಬುದ್ಧಿ ಕದಡುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಸಾವು ಸಂಭವಿಸಬಹುದು. ಯುರೋಪು, ಅಮೆರಿಕಗಳಲ್ಲಿ ಇದು ಮೆಕ್ಕೆಜೋಳವನ್ನೇ ನಂಬಿದ ಬಡವರ ರೋಗವಾಗಿತ್ತು. ನಯಾಸಿನ್ ಕಡಿಮೆಯಿರುವ ಹಾಲು ಈ ರೋಗವನ್ನು ತಡೆಯುವುದು ಹೇಗೆಂಬ ಒಗಟು 1945ರ ಹೊತ್ತಿಗೆ ಬಿಡಿಸಿಕೊಂಡಿತು: ಹಾಲಿನಲ್ಲಿದ್ದ ಟ್ರಿಪ್ಟೊಫ್ಯಾನ್ ಆ ಕೊರತೆಯನ್ನು ತುಂಬುತ್ತಿತ್ತು.

ನಮ್ಮ ಬಿಳಿಜೋಳದ ಸಂಗತಿ ಇನ್ನೂ ಜಟಿಲ. ಹೆಸರಿನಲ್ಲಿ 'ಜೋಳ' ಸಮಾನವಾದರೂ ಇದೂ ಮೆಕ್ಕೆಜೋಳವೂ ಬೇರೆ ಬೇರೆ ಧಾನ್ಯಗಳು. ಬಿಳಿಜೋಳದಲ್ಲಿ ಟ್ರಿಪ್ಟೊಫ್ಯಾನ್ ಮೆಕ್ಕೆಜೋಳದಲ್ಲಿರುವಷ್ಟು ಕಡಿಮೆಯಿಲ್ಲ. ಆದರೂ ಅದನ್ನೇ ಉಣ್ಣುವವರಲ್ಲಿ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಮತ್ತೊಂದು ಅವಶ್ಯಕ ಅಮೈನೋ ಆಮ್ಲ ಅಧಿಕವಾಗಿದೆ. ಈ ಆಧಿಕ್ಯವು ನಯಾಸಿನ್ನಿನ ಚಯಾಪಚಯಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಮುಂದಿನ ಪ್ರಯೋಗಗಳೆಲ್ಲವೂ ಇದನ್ನು ಏಕಕಂಠದಿಂದ ಸಮರ್ಥಿಸಲಿಲ್ಲ. ಆದರೂ ಪೋಷಣೆಯಲ್ಲಿ ಕೊರತೆಯಂತೆ ಅಸಮತೋಲವೂ ವಿಚಾರಣೀಯವೆಂಬ ಅರಿವನ್ನು ಅದು ಬಲಪಡಿಸಿತು.

ಇದರಿಂದ ಜೋಳವೇ ದೋಷಿಯೆಂದು ತೀರ್ಮಾನಿಸಲಾಗದು. ರೊಟ್ಟಿಯ ಪಕ್ಕದಲ್ಲಿ ನಯಾಸಿನ್ ಹೇರಳವಾಗಿರುವ ಶೇಂಗಾ ಚಟ್ನಿ, ಪ್ರೋಟೀನು ಕೊಡುವ ಬೇಳೆ, ಟ್ರಿಪ್ಟೊಫ್ಯಾನ್ ಒದಗಿಸುವ ಮೊಸರು ಇದ್ದ ಊಟ ಶರೀರವನ್ನು ಕಾಪಾಡುತ್ತದೆ. ರೋಗವು ಹಿಡಿದದ್ದು ಆ ಪಕ್ಕದ ಬಟ್ಟಲುಗಳು ಬರಿದಾಗಿದ್ದ ಮನೆಗಳನ್ನು. ರಸಾಯನಶಾಸ್ತ್ರವು ಅಣುವಿನ ಅಸಮತೋಲವನ್ನು ಗುರುತಿಸಬಲ್ಲದು. ಅದನ್ನು ಸರಿಪಡಿಸಬೇಕಾದುದು ಬಡವರ ಊಟದ ತಟ್ಟೆಯಲ್ಲಿ.