ಜಪಾನಿಗೆ ಹೊರಟವರು ಎನ್4ಕ್ಕೇ ನಿಲ್ಲಬೇಡಿ

ಜಪಾನಿನಲ್ಲಿ ಕೆಲಸ ಮಾಡುವ ಆಸೆಯಿರುವ ನರ್ಸಿಂಗ್ ಪದವೀಧರರು ಮೊದಲು ತಿಳಿಯಬೇಕಾದ ಸಂಗತಿ ಸ್ವಲ್ಪ ಕಹಿಯಾದದ್ದು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮಾತ್ರಕ್ಕೆ ಅಲ್ಲಿ ನರ್ಸ್ ಆಗಲು ಬರುವುದಿಲ್ಲ. ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನಿ ಭಾಷೆಯಲ್ಲೇ ಬರೆಯಬೇಕು. ಅದಕ್ಕೆ ಕೂರಲು ನಮ್ಮವರಿಗೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಅತ್ಯುನ್ನತ ಹಂತವಾದ ಎನ್1 ಬೇಕು. ಹಾಗಾಗಿ ಹೆಚ್ಚಿನವರಿಗೆ ಸಾಧ್ಯವಿರುವ ದಾರಿಯೆಂದರೆ ‘ಕಾಯ್ಗೊ’, ಅಂದರೆ ವೃದ್ಧರ ಆರೈಕೆಯ ಕೆಲಸ. 2019ರಲ್ಲಿ ಶುರುವಾದ ‘ನಿರ್ದಿಷ್ಟ ಕೌಶಲ’ ವೀಸಾ ಇದಕ್ಕೆ ಅವಕಾಶ ಕೊಡುತ್ತದೆ. ಈ ಕುರಿತು ಭಾರತ 2021ರ ಜನವರಿಯಲ್ಲಿ ಜಪಾನಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದೆ. ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಭಾಷಾ ಪರೀಕ್ಷೆ, ಜೊತೆಗೆ ಆರೈಕೆ ಕೌಶಲದ ಒಂದು ಪರೀಕ್ಷೆ, ಆರೈಕೆಯ ಜಪಾನಿ ಭಾಷೆಯ ಇನ್ನೊಂದು ಪರೀಕ್ಷೆ ಪಾಸಾದರೆ ಅರ್ಹತೆ ಸಿಗುತ್ತದೆ. ‘ಎನ್4 ಸಾಕು’ ಎಂದು ಏಜೆನ್ಸಿಗಳು ಹೇಳುವುದು ಸುಳ್ಳಲ್ಲ. ಆದರೆ ಅದು ವೀಸಾದ ಲೆಕ್ಕ. ವಾರ್ಡಿನ ಲೆಕ್ಕ ಬೇರೆ.

ಇದಕ್ಕೆ ಪುರಾವೆ ಜಪಾನಿನಲ್ಲೇ ಇದೆ. ಆರ್ಥಿಕ ಸಹಭಾಗಿತ್ವ ಒಪ್ಪಂದದಡಿ 2008ರಲ್ಲಿ ಇಂಡೊನೇಷ್ಯಾದಿಂದ, ಮರುವರ್ಷ ಫಿಲಿಪ್ಪೀನ್ಸ್‌ನಿಂದ ನರ್ಸ್‌ಗಳು ಬಂದರು. ಸ್ವದೇಶದಲ್ಲಿ ಕೆಲಸ ಮಾಡಿ ಅನುಭವವಿದ್ದವರು. ಭಾಷೆ ಮಾತ್ರ ಎಳಸು. 2009ರ ರಾಷ್ಟ್ರೀಯ ಪರೀಕ್ಷೆ ಬರೆದ 82 ಮಂದಿಯಲ್ಲಿ ಒಬ್ಬರೂ ಪಾಸಾಗಲಿಲ್ಲ. 2010ರಲ್ಲಿ 254 ಮಂದಿಯಲ್ಲಿ ಮೂವರು ಪಾಸಾದರು. ಸರ್ಕಾರ ಕಡೆಗೆ ಚೀನೀ ಮೂಲದ ಕಾಂಜಿ ಅಕ್ಷರಗಳ ಮೇಲೆ ಉಚ್ಚಾರಣೆ ಬರೆದುಕೊಟ್ಟಿತು, ಸಮಯವನ್ನೂ ಹೆಚ್ಚಿಸಿತು. 2014ರಿಂದ ಬಂದ ವಿಯೆಟ್ನಾಂನವರಿಗೆ ಹೊರಡುವ ಮುನ್ನವೇ ಎನ್3 ಕಡ್ಡಾಯವಾಗಿತ್ತು, ಅವರ ಫಲಿತಾಂಶವೂ ಎದ್ದುಕಾಣುವಷ್ಟು ಮೇಲಿತ್ತು. ಕೌಶಲ ಎಲ್ಲರಲ್ಲೂ ಇತ್ತು. ವ್ಯತ್ಯಾಸ ಮಾಡಿದ್ದು ವಿಮಾನ ಹತ್ತುವ ಮುಂಚಿನ ಓದು.

ಆ ಓದನ್ನು ಹೀಗೆ ಜೋಡಿಸಿಕೊಳ್ಳಬಹುದು. ಮೊದಲ ತಿಂಗಳು ಹಿರಗಾನ, ಕಟಕಾನ ಲಿಪಿಗಳು ಕೈಗೆ ಹತ್ತಲಿ; ರೋಮನ್ ಅಕ್ಷರದಲ್ಲಿ ಓದುವ ಚಟ ಬೇಡವೇ ಬೇಡ. ಬಳಿಕ ಜಪಾನ್ ಫೌಂಡೇಶನ್ ಉಚಿತವಾಗಿ ಕೊಡುವ ‘ಇರೊದೊರಿ’ ಪಠ್ಯಪುಸ್ತಕ, ಇಲ್ಲವೇ ‘ಮಿನ್ನ ನೊ ನಿಹೊಂಗೊ’ದ 50 ಪಾಠಗಳು. ಕ್ರಿಯಾಪದ ಕೊನೆಗೆ ಬರುವುದು, ನಾಮಪದದ ನಂತರ ಪ್ರತ್ಯಯ ಹತ್ತುವುದು ಕನ್ನಡಿಗರಿಗೆ ಹೊಸದಲ್ಲ, ಹಾಗಾಗಿ ವ್ಯಾಕರಣ ಬೇಗ ಒಲಿಯುತ್ತದೆ. ಕಾಂಜಿಗೆ ಮಾತ್ರ ಅಡ್ಡದಾರಿಯಿಲ್ಲ, ದಿನಕ್ಕಿಷ್ಟು ಬರೆಯಲೇಬೇಕು. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಎನ್4 ಪಾಸಾದ ಕೂಡಲೇ ಎನ್3ರ ಓದನ್ನೂ ಆರೈಕೆಯ ಮಾತನ್ನೂ ಒಟ್ಟಿಗೆ ಹಿಡಿಯಿರಿ. ಜೆಎಲ್‌ಪಿಟಿಯಲ್ಲಿ ಮಾತನಾಡುವ ಪರೀಕ್ಷೆಯಾಗಲಿ ಬರೆಯುವ ಪರೀಕ್ಷೆಯಾಗಲಿ ಇಲ್ಲ. ಅಲ್ಲಿನ ಕೆಲಸದಲ್ಲಾದರೋ ಇವೆರಡೇ ಪ್ರಧಾನ. ಅಜ್ಜಿಯ ಮಗ್ಗುಲು ಬದಲಿಸುವ ಮುನ್ನ ‘ಈಗ ತಿರುಗಿಸುತ್ತೇನೆ’ ಎಂದು ಹೇಳಬೇಕು. ಎಷ್ಟು ಉಂಡರು, ಎಷ್ಟು ನೀರು ಕುಡಿದರು, ಮಲವಿಸರ್ಜನೆ ಆಯಿತೇ ಎಂದು ದಾಖಲೆ ಬರೆದು ಮುಂದಿನ ಪಾಳಿಯವರಿಗೆ ಒಪ್ಪಿಸಬೇಕು.

ಎನ್3ರವರೆಗೆ ಕಾಯುತ್ತಾ ಕೂತರೆ ಸಂಬಳ ಕೈತಪ್ಪುತ್ತದೆ, ಉಳಿದದ್ದನ್ನು ಅಲ್ಲೇ ಕಲಿತರಾಯಿತು ಎನ್ನುವವರಿದ್ದಾರೆ. ಸಾಲ ಮಾಡಿ ಹೊರಡುವ ಮನೆಗಳಲ್ಲಿ ಈ ಮಾತಿಗೆ ತೂಕವಿದೆ. ಆದರೆ ‘ನಿರ್ದಿಷ್ಟ ಕೌಶಲ’ ವೀಸಾದ ಅವಧಿ ಸಾಮಾನ್ಯವಾಗಿ ಒಟ್ಟು 5 ವರ್ಷ. ಅವಧಿ ಮಿತಿಯಿಲ್ಲದೆ ನವೀಕರಿಸಬಹುದಾದ, ಕುಟುಂಬವನ್ನೂ ಕರೆಸಿಕೊಳ್ಳಬಹುದಾದ ‘ಕಾಯ್ಗೊ’ ವೀಸಾ ಬೇಕಿದ್ದರೆ ಆರೈಕೆದಾರರ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಅದಕ್ಕೆ 3 ವರ್ಷದ ಕೆಲಸ, ನಿಗದಿತ ತರಬೇತಿ ಎರಡೂ ಆಗಿರಬೇಕು. ಪರೀಕ್ಷೆ ವರ್ಷಕ್ಕೊಮ್ಮೆ, ಜನವರಿಯಲ್ಲಿ. ಉಳಿಯುವುದು ಒಂದೆರಡು ಅವಕಾಶ ಮಾತ್ರ. ರಾತ್ರಿ ಪಾಳಿ ಮುಗಿಸಿ ಬಂದು ಎನ್4ರಿಂದ ಆ ಮಟ್ಟಕ್ಕೆ ಏರುವವರು ಇಲ್ಲವೆಂದಲ್ಲ, ವಿರಳ. ಇನ್ನು ಮೊಬೈಲಿನ ಅನುವಾದ ಆ್ಯಪ್: ಹಲ್ಲುಸೆಟ್ಟು ತೆಗೆದಿಟ್ಟು ಊರ ಭಾಷೆಯಲ್ಲಿ ಗೊಣಗುವ ಅಜ್ಜನ ಮಾತು ಅದಕ್ಕೆಲ್ಲಿ ತಿಳಿಯಬೇಕು? ಪರೀಕ್ಷಾ ಕೊಠಡಿಯಲ್ಲಂತೂ ಅದು ಇರುವುದೇ ಇಲ್ಲ.

ಹಣ ಕಟ್ಟುವ ಮುನ್ನ ಏಜೆನ್ಸಿಯ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ತರಬೇತಿ ಕೇಂದ್ರದಲ್ಲಿ ಎನ್4 ಪಾಸಾದವರೆಷ್ಟು ಎಂದು ಕೇಳಿದರೆ ಸಾಲದು. ಎನ್3 ಪಾಸಾದವರೆಷ್ಟು, ವಾರಕ್ಕೆ ಎಷ್ಟು ಗಂಟೆ ಮಾತಿನ ಅಭ್ಯಾಸ, ದಾಖಲೆ ಬರೆಯುವುದನ್ನು ಕಲಿಸುತ್ತೀರಾ ಎಂದೂ ಕೇಳಿ, ಕಟ್ಟಿದ ಪ್ರತಿ ಶುಲ್ಕಕ್ಕೂ ರಸೀದಿ ಪಡೆಯಿರಿ.