ತೋಟದ ದಾರಿಗೆ ರಿವಾಲ್ವರು: ಯಾವ ಬೋರು, ಯಾವ ಪ್ರಾಣಿಗೆ?



ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದಿದ್ದರು. ಅವರ ವಾಸ ಮಂಗಳೂರಿನ ದೇರೆಬೈಲಿನಲ್ಲಿ. ಮೂರೆಕ್ರೆ ಅಡಿಕೆ ತೋಟ ಇರುವುದು ಕಡಬ ತಾಲೂಕಿನ ಕಾಡಂಚಿನಲ್ಲಿ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗ್ಗೆ ಹಿಂತಿರುಗುವ ಪದ್ಧತಿ. "ಸೆಕ್ರೆಟರಿಯವರೇ, ರಿವಾಲ್ವರಿಗೆ ಅರ್ಜಿ ಹಾಕ್ತೇನೆ. ಸಂಘದಿಂದ ಒಂದು ಶಿಫಾರಸು ಕಾಗದ ಕೊಡಿ. .32 ಸಾಕೋ, ಅದಕ್ಕಿಂತ ದೊಡ್ಡದು ಬೇಕೋ, ನೀವೇ ಹೇಳಿ ಮಾರಾಯ್ರೆ" ಎಂದರು. ಕಾಗದ ಬರೆಯುವ ಮೊದಲು ಚಹಾ ತರಿಸಿ ಒಂದು ಗಂಟೆ ಮಾತಾಡಿದೆವು. ಆ ಮಾತು ಇತರ ಸದಸ್ಯರಿಗೂ ಉಪಯೋಗವಾದೀತೆಂದು ಇಲ್ಲಿ ಪಾಠರೂಪದಲ್ಲಿ ಬರೆಯುತ್ತಿದ್ದೇನೆ.

ಅವರ ಭಯ ಆಧಾರವಿಲ್ಲದ್ದಲ್ಲ. 2023ರ ಫೆಬ್ರವರಿಯಲ್ಲಿ ಅದೇ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ, ಬೆಳಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯೊಬ್ಬಳೂ ಆಕೆಯ ಸಹಾಯಕ್ಕೆ ಧಾವಿಸಿದವರೊಬ್ಬರೂ ಕಾಡಾನೆಗೆ ಬಲಿಯಾದರು. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗಂತೂ ಇದು ವರ್ಷವಿಡೀ ಇರುವ ಚಿಂತೆ. ಆದುದರಿಂದ ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ಕ್ರಮವಾಗಿ ವಿಚಾರಿಸೋಣ.

1. ಬೋರು ಎಂದರೇನು?

ರಿವಾಲ್ವರಿನ ಬೋರು ಎಂದರೆ ಸ್ಥೂಲವಾಗಿ ನಳಿಗೆಯ ಒಳಗಿನ ಅಗಲ. ಅದನ್ನು ಇಂಚಿನ ಭಾಗದಲ್ಲಿ ಹೇಳುತ್ತಾರೆ. .32 ಎಂದರೆ ಒಂದು ಇಂಚಿನ ನೂರರಲ್ಲಿ ಮೂವತ್ತೆರಡು ಪಾಲು, ಅಂದರೆ ಸುಮಾರು 8 ಮಿಲಿಮೀಟರು. ತೋಟೆ ಕೋವಿಯ ಲೆಕ್ಕ ಬೇರೆ. ಒಂದು ಪೌಂಡು ಸೀಸದಿಂದ ಸಮತೂಕದ 12 ಉಂಡೆ ಮಾಡಿದರೆ ಒಂದು ಉಂಡೆ ಯಾವ ನಳಿಗೆಗೆ ಸರಿಹೋಗುವುದೋ ಅದು 12 ಬೋರು. ಅದರ ಅಗಲ ಸುಮಾರು 18.5 ಮಿಲಿಮೀಟರು.

ಬೋರಿನ ಅಗಲವೊಂದೇ ಬಲವನ್ನು ಹೇಳುವುದಿಲ್ಲ. ಗುಂಡಿನ ತೂಕವೂ ವೇಗವೂ ಸೇರಿದಾಗ ಬಲವಾಗುತ್ತದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಇನ್ನೊಂದು ಎಚ್ಚರ: .32 ರಿವಾಲ್ವರಿನ ತೋಟೆ ಬೇರೆ, .32 ಪಿಸ್ತೂಲಿನ ತೋಟೆ ಬೇರೆ. ಹೆಸರು ಒಂದೇ ಎಂದು ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು.

2. ಬಲದ ಲೆಕ್ಕ

.32 ರಿವಾಲ್ವರಿನ ಗುಂಡು ಆರು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ; ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 150 ಜೂಲ್. ಅಮೆರಿಕದಲ್ಲಿ 1935ರಲ್ಲಿ ಬಂದ .357 ಮ್ಯಾಗ್ನಂ ತೋಟೆಯದ್ದು ಸುಮಾರು 700 ಜೂಲ್. 1950ರ ದಶಕದಲ್ಲಿ ಬಂದ .44 ಮ್ಯಾಗ್ನಂ ಸಾವಿರ ಜೂಲ್ ದಾಟುತ್ತದೆ. ಅಲ್ಲಿನ ಕರಡಿ ಸೀಮೆಯಲ್ಲಿ ತಿರುಗುವವರು ಸೊಂಟಕ್ಕೆ ಕಟ್ಟಿಕೊಳ್ಳುವುದು ಈ ಜಾತಿಯದ್ದನ್ನು. ನಮ್ಮ ಹಳೆಯ 12 ಬೋರಿನ ಕೋವಿಯ ಒಂದು ಈಡು ಸುಮಾರು ಎರಡು ಸಾವಿರ ಜೂಲ್. ಅಂದರೆ .32ರ ಹತ್ತು ಮಡಿಗಿಂತಲೂ ಹೆಚ್ಚು.

3. ನಮ್ಮ ಕೈಗೆ ಸಿಗುವುದು ಯಾವುದು?

ನಮ್ಮ ದೇಶದಲ್ಲಿ .38 ಮತ್ತು .455 ರಿವಾಲ್ವರು, 9 ಮಿಲಿಮೀಟರಿನ ಪಿಸ್ತೂಲು, .303 ರೈಫಲು, ಇವು ನಿಷೇಧಿತ ಬೋರುಗಳು. ಸಾಮಾನ್ಯ ಪರವಾನಿಗೆಯಲ್ಲಿ ಇವು ದೊರೆಯುವುದಿಲ್ಲ. ಆದುದರಿಂದ ಬೆಳೆಗಾರನ ಪಾಲಿಗೆ ರಿವಾಲ್ವರೆಂದರೆ ಹೆಚ್ಚಾಗಿ ಕಾನ್ಪುರದ ಸರಕಾರಿ ಕಾರ್ಖಾನೆಯ .32, ಇಲ್ಲವೇ ಅದಕ್ಕಿಂತಲೂ ಸಣ್ಣ .22. 2014ರಲ್ಲಿ ಬಂದ ಹಗುರವಾದ 'ನಿರ್ಭೀಕ್' ಕೂಡ .32 ಬೋರಿನದ್ದೇ.

1959ರ ಆಯುಧ ಕಾಯಿದೆಯ 13ನೇ ಕಲಮನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರಬೇಕು. ಬೆಳೆ ರಕ್ಷಣೆಗೆ ಕೇಪಿನ ಕೋವಿ, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತೋಟೆ ಕೋವಿ, ಇವುಗಳಿಗೆ ಅರ್ಜಿ ಹಾಕಿದ ಯೋಗ್ಯ ನಾಗರಿಕನಿಗೆ ಪರವಾನಿಗೆ ಕೊಡತಕ್ಕದ್ದು ಎಂಬುದು ಆ ಕಲಮಿನ ತಾತ್ಪರ್ಯ. ಕೇಪಿನ ಕೋವಿ ಬೆಳೆ ರಕ್ಷಣೆಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿ ಕೊಡಲು ಅವಕಾಶವೂ ಅಲ್ಲೇ ಇದೆ. ರಿವಾಲ್ವರಿಗಾದರೋ ಸಕಾರಣ ತೋರಿಸಬೇಕು. ಕೊಡುವುದೂ ಬಿಡುವುದೂ ಅಧಿಕಾರಿಯ ತೃಪ್ತಿಗೆ ಸೇರಿದ್ದು. ಅರ್ಜಿ ಹಾಕುವುದು ವಾಸಸ್ಥಳದ ಪ್ರಕಾರ. ದೇರೆಬೈಲಿನವರು ನಗರ ಪೊಲೀಸ್ ಕಮಿಷನರರಿಗೆ, ಕಡಬ, ಸುಳ್ಯದವರು ಜಿಲ್ಲಾಧಿಕಾರಿಗೆ. 2019ರ ತಿದ್ದುಪಡಿಯ ನಂತರ ಪರವಾನಿಗೆಯ ಅವಧಿ ಐದು ವರ್ಷ; ಒಬ್ಬನಲ್ಲಿ ಇರಬಹುದಾದ ಕೋವಿ ಎರಡೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ; ಅದನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಲಾಗಿದೆ.

4. ಯಾವ ಪ್ರಾಣಿಯ ಎದುರು ಏನಾದೀತು?

ಆನೆ: ಸಿಟ್ಟಿಗೆದ್ದು ನುಗ್ಗುವ ಆನೆ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಬಂತೆಂದೇ ಇಟ್ಟುಕೊಳ್ಳಿ. 20 ಮೀಟರು ದೂರವನ್ನು ಅದು ಮೂರು ಸೆಕೆಂಡಿನೊಳಗೆ ದಾಟುತ್ತದೆ. ಅಷ್ಟರಲ್ಲಿ ಸೊಂಟದಿಂದ ರಿವಾಲ್ವರು ತೆಗೆದು ಗುರಿ ಹಿಡಿಯುವವರು ನಮ್ಮಲ್ಲಿ ಯಾರಿದ್ದಾರೆ? ಹಿಡಿದರೂ ಆನೆಯ ಹಣೆಯ ಮೂಳೆ ಜೇನುತಟ್ಟಿಯಂತೆ ದಪ್ಪ. ಮೆದುಳು ಬಹಳ ಒಳಗೆ. .32ರ ಸೀಸದ ಗುಂಡು ಅದನ್ನು ರೇಗಿಸೀತೇ ಹೊರತು ನಿಲ್ಲಿಸದು.

ಕಾಟಿ: ದೊಡ್ಡ ಹೋರಿ ಒಂದು ಟನ್ನಿನಷ್ಟು ತೂಗಬಹುದು. ದಪ್ಪ ಚರ್ಮ, ಅದರಡಿ ಸ್ನಾಯು. ಇಲ್ಲಿಯೂ ಅದೇ ಮಾತು.

ಹಂದಿ: ಗಾಯಗೊಂಡ ಹಂದಿಯಷ್ಟು ಅಪಾಯ ಬೇರೆಯದಿಲ್ಲ. ತೀರಾ ಹತ್ತಿರದಿಂದ ತಗಲಿದರೆ .32 ಕೆಲಸ ಮಾಡೀತು. ಆದರೆ ಕತ್ತಲಲ್ಲಿ, ಓಡುವ ಹಂದಿಗೆ, ಸಣ್ಣ ನಳಿಗೆಯಿಂದ ತಗಲಿಸುವುದು ಅಭ್ಯಾಸವಿಲ್ಲದವನ ಕೆಲಸವಲ್ಲ.

ಚಿರತೆ: ಬಿದ್ದ ಮನುಷ್ಯ ಒಂದೇ ಕೈಯಲ್ಲಿ ಬಳಸಬಹುದಾದದ್ದು ರಿವಾಲ್ವರು ಮಾತ್ರ ಎಂಬುದನ್ನು ಒಪ್ಪಬೇಕು. ಆದರೆ ಚಿರತೆ ಮುಂದಿನಿಂದ ಹೇಳಿ ಬರುವ ಪ್ರಾಣಿಯಲ್ಲ. ಸಾಮಾನ್ಯವಾಗಿ ಮನುಷ್ಯನ ಸದ್ದು ಕೇಳಿದರೆ ಅದೇ ಜಾರಿಕೊಳ್ಳುತ್ತದೆ.

ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಕಾಡುಗಳಲ್ಲಿ ನರಭಕ್ಷಕಗಳ ಹಿಂದೆ ಹೋದಾಗ ನಂಬಿದ್ದು .405 ವಿಂಚೆಸ್ಟರ್ ರೈಫಲನ್ನು. ಕಾಡು ಬಲ್ಲವರ ಆಯ್ಕೆ ಎಂಥದ್ದೆಂಬುದಕ್ಕೆ ಇದೊಂದೇ ಸಾಕು.

5. ಈಡಿನ ನಂತರದ ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆನೆ, ಕಾಟಿ, ಚಿರತೆ ಒಂದನೇ ಅನುಸೂಚಿಯವು. 2022ರ ತಿದ್ದುಪಡಿ 2023ರ ಏಪ್ರಿಲಿನಿಂದ ಜಾರಿಗೆ ಬಂದ ಮೇಲೆ ಹಂದಿ ಎರಡನೇ ಅನುಸೂಚಿಯಲ್ಲಿದೆ. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಲ್ಲವೆಂದು 11ನೇ ಕಲಮು ಹೇಳುತ್ತದೆ. ಆದರೆ ಆ ಗಳಿಗೆಯಲ್ಲಿ ನೀವು ಅದೇ ಕಾಯಿದೆಯನ್ನು ಮೀರುತ್ತಿರಬಾರದು. ಉರುಳು ಹಾಕಲು ಹೋದವನಿಗೆ, ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಕ್ಕವನಿಗೆ ಈ ರಕ್ಷಣೆ ಇಲ್ಲ. ಪುಷ್ಪಗಿರಿಯ ಅಂಚಿನಲ್ಲಿ ಕಾಡುದಾರಿ ಹಿಡಿದು ತೋಟಕ್ಕೆ ಹೋಗುವವರು ಇದನ್ನು ಗಮನಿಸಬೇಕು. ಸತ್ತ ಪ್ರಾಣಿ ಸರಕಾರದ ಸೊತ್ತು, ಮುಟ್ಟದೆ ತಿಳಿಸಬೇಕು. ಬೆಳೆ ಹಾನಿಗಾಗಿ ಹಂದಿ ಹೊಡೆಯಲು ಅಧಿಕಾರಿಯ ಲಿಖಿತ ಆಜ್ಞೆ ಬೇಕೇ ಬೇಕು. ಕೋವಿಯ ಪರವಾನಿಗೆ ಬೇಟೆಯ ಪರವಾನಿಗೆಯಲ್ಲ.

6. ನನ್ನದೊಂದು ಅನುಭವ

ನಾನೂ ಮೂವತ್ತರ ಹರೆಯದಲ್ಲಿ ರಿವಾಲ್ವರಿಗೆ ಆಸೆಪಟ್ಟವನೇ. ಹನ್ನೆರಡು ವರ್ಷದ ಹಿಂದೆ ಒಂದು ಮುಸ್ಸಂಜೆ ನೀರಿನ ಗೇಟುವಾಲ್ವು ತಿರುಗಿಸಲು ಹೋಗಿದ್ದೆ. ಮೂವತ್ತು ಹೆಜ್ಜೆ ದೂರದಲ್ಲಿ ಒಂಟಿ ಕಾಟಿ. ಕೈಯಲ್ಲಿ ಜೋಡುನಳಿಗೆ ಇತ್ತು, ತೋಟೆಯೂ ಇತ್ತು. ಬೆರಳು ತುಡಿಯಿತು. ಆದರೂ ಹೊಡೆಯಲಿಲ್ಲ. ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಿಟ್ಟು ಪಂಪುಕೊಟ್ಟಿಗೆಯ ಮರೆಗೆ ಸೇರಿದೆ. ಅದು ನನ್ನತ್ತ ನೋಡುತ್ತಲೇ ನಿಂತು, ಮೆಲ್ಲಗೆ ಬೇಲಿ ದಾಟಿತು.

ಮರುದಿನ ಬೆಳಗ್ಗೆ ಏಳೂವರೆಗೆ ಅದೇ ದಾರಿಯಲ್ಲಿ ಕೆಲಸದ ಹೆಂಗಸರು ಮೂವರು ಬುತ್ತಿ ಹಿಡಿದು ಬಂದರು. ನಾನು ಗಾಯ ಮಾಡಿ ಬಿಟ್ಟಿದ್ದರೆ ಆ ಕಾಟಿ ಅಲ್ಲೇ ಎಲ್ಲೋ ಪೊದೆಯಲ್ಲಿ ಮಲಗಿರುತ್ತಿತ್ತು. ನನ್ನ ಈಡಿನ ಬೆಲೆಯನ್ನು ಅವರು ತೆರಬೇಕಾಗುತ್ತಿತ್ತು. ಅಂದಿನಿಂದ ಬೋರಿನ ಪ್ರಶ್ನೆ ನನ್ನ ಮಟ್ಟಿಗೆ ಮುಗಿಯಿತು.

7. ಹಾಗಾದರೆ ಮಾಡಬೇಕಾದ್ದೇನು?

(ಅ) ಕೋವಿ ಬೇಕೇ ಬೇಕೆಂದಾದರೆ 12 ಬೋರಿನ ತೋಟೆ ಕೋವಿಗೆ ಅರ್ಜಿ ಹಾಕಿ. ಹೊಸ ಅರ್ಜಿದಾರರಿಗೆ 2016ರ ನಿಯಮಾವಳಿಯಂತೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಅದನ್ನು ಶಾಸ್ತ್ರಕ್ಕೆಂದು ಮುಗಿಸದೆ ಮನಸ್ಸಿಟ್ಟು ಕಲಿಯಿರಿ.

(ಆ) ಮನೆಯೊಳಗೆ ಕೋವಿಯಲ್ಲಿ ಈಡು ತುಂಬಿ ಇಡಬಾರದು. ತೋಟೆ ಒಂದು ಕಡೆ, ಕೋವಿ ಇನ್ನೊಂದು ಕಡೆ, ಎರಡಕ್ಕೂ ಬೀಗ. ಪರವಾನಿಗೆಯಲ್ಲಿ ಹೆಸರಿಲ್ಲದ ಆಳಿನ ಕೈಗೆ ಕೊಡಬಾರದು.

(ಇ) ಸದ್ದು ಬಂದ ಕಡೆಗೆ ಹೊಡೆಯಬಾರದು. ಹಂದಿಯೆಂದು ತಿಳಿದು ಮನುಷ್ಯನಿಗೆ ಈಡು ಬಿದ್ದು ಎರಡು ಸಂಸಾರ ಹಾಳಾದ ಪ್ರಕರಣಗಳು ಮಲೆನಾಡಿನಲ್ಲಿ ಹೊಸತಲ್ಲ.

(ಈ) ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಒಳ್ಳೆಯ ಟಾರ್ಚು ಹಿಡಿದು ಮಾತಾಡುತ್ತಾ ನಡೆಯಿರಿ. ಹಸಿ ಲದ್ದಿ, ಮುರಿದ ಬಾಳೆ, ಬೈನೆ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಹಲಸು ಹಣ್ಣಾಗುವ ಕಾಲದಲ್ಲಿ ಇಮ್ಮಡಿ ಎಚ್ಚರ ಬೇಕು. ಮನೆಯ ಹತ್ತಿರದ ಕಾಯಿಗಳನ್ನು ಮೊದಲೇ ಕೊಯ್ದುಬಿಡಿ.

(ಉ) ಆನೆ ಬಂದ ಸುದ್ದಿ ತಿಳಿದ ಕೂಡಲೇ ನೆರೆಯವರಿಗೂ, ಹಾಲಿನ ಸೊಸೈಟಿಗೂ, ಶಾಲೆಗೂ, ಅರಣ್ಯ ಇಲಾಖೆಯ 1926ಕ್ಕೂ ತಿಳಿಸಿ. ಬೆಳೆ ಹಾನಿಯ ಫೋಟೋ ತೆಗೆದು ಪಹಣಿಯೊಡನೆ ವಲಯ ಅರಣ್ಯ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ.

(ಊ) ಚುನಾವಣೆಯ ಕಾಲದಲ್ಲಿ ಕೋವಿ ಠೇವಣಿಗೆ ಆದೇಶ ಬಂದಾಗ, ಕಾಡಂಚಿನವರು ವಿನಾಯಿತಿ ಕೋರಿ ಜಿಲ್ಲೆಯ ಪರಿಶೀಲನಾ ಸಮಿತಿಗೆ ಕಾರಣ ಸಹಿತ ಅರ್ಜಿ ಹಾಕಬಹುದು. ಠೇವಣಿ ಇಟ್ಟರೆ ರಶೀದಿ ಪಡೆಯಲು ಮರೆಯದಿರಿ.

ದೇರೆಬೈಲಿನ ಸದಸ್ಯರು ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದರೆ ಕಾಗದ ತೋಟೆ ಕೋವಿಗೇ ಬರೆಯಿರಿ. ಶನಿವಾರ ನಾಲ್ಕು ಗಂಟೆಯ ಒಳಗೆ ತೋಟ ಸೇರುವ ಹಾಗೆ ನಾನೂ ಹೊರಡ್ತೇನೆ" ಎಂದರು. ಆ ಎರಡನೆಯ ಮಾತಿನಲ್ಲಿರುವ ರಕ್ಷಣೆ ಯಾವ ಬೋರಿನಲ್ಲಿಯೂ ಇಲ್ಲವೆಂದು ನನ್ನ ನಂಬಿಕೆ. ಅರ್ಜಿಯ ವಿಷಯದಲ್ಲಿ ಸಂದೇಹವಿರುವ ಸದಸ್ಯರು ಪಹಣಿ ಮತ್ತು ಗುರುತಿನ ಚೀಟಿಯೊಂದಿಗೆ ಕಚೇರಿಯ ವೇಳೆಯಲ್ಲಿ ಬಂದು ವಿಚಾರಿಸಬಹುದು.

— ಕಾರ್ಯದರ್ಶಿ